ಲೋ ವಿಷನ್ ಕ್ಲಿನಿಕ್ಕಿಗೆ ಹೋಗುವ ಮುಂಚೆ ಒಂದು ಚೀಲ ತುಂಬಿಕೊಳ್ಳಿ

ಔಷಧಿ, ಆಪರೇಷನ್, ಮಾಮೂಲಿ ಕನ್ನಡಕ ಯಾವುದರಿಂದಲೂ ಸರಿಹೋಗದ ಮಂದದೃಷ್ಟಿಯವರಿಗೆ, ಉಳಿದಿರುವ ನೋಟವನ್ನೇ ಬಳಸಿಕೊಳ್ಳಲು ಸಹಾಯ ಮಾಡುವ ಕಡೆಗೆ ಲೋ ವಿಷನ್ ಕ್ಲಿನಿಕ್ ಅನ್ನುತ್ತಾರೆ. ಮೊದಲ ಸಲ ಅಲ್ಲಿಗೆ ಹೋದಾಗ ನನಗೆ 19 ವರ್ಷ. ಕೈಯಲ್ಲಿ ಹಳೇ ಚೀಟಿಗಳ ಕವರ್ ಬಿಟ್ಟರೆ ಬೇರೇನೂ ಇರಲಿಲ್ಲ. "ಏನು ಓದೋಕೆ ಕಷ್ಟ ಆಗ್ತಿದೆಯಮ್ಮಾ?" ಅಂತ ಕೇಳಿದರು. "ಎಲ್ಲಾನೂ" ಅಂದೆ. ಒಂದು ಇಂಗ್ಲಿಷ್ ಕಾರ್ಡ್ ಕೊಟ್ಟು ಓದಿಸಿದರು, ಅದಕ್ಕೆ ತಕ್ಕ ಲೆನ್ಸ್ ಬರೆದುಕೊಟ್ಟರು. ಮನೆಗೆ ಬಂದು ಕನ್ನಡ ಪುಸ್ತಕ ತೆಗೆದರೆ ಒತ್ತಕ್ಷರ ಒಂದೂ ಕಾಣಲಿಲ್ಲ. ಆ ಲೆನ್ಸ್ ಎರಡು ವರ್ಷ ಬೀರುವಿನಲ್ಲೇ ಕೂತಿತ್ತು.

ಎರಡನೇ ಸಲ, ಬೇರೆ ಕಡೆ ಹೋಗುವಾಗ, ಅಮ್ಮನ ತರಕಾರಿ ಚೀಲದಲ್ಲಿ ನನ್ನ ಇಡೀ ದಿನವನ್ನೇ ತುಂಬಿಕೊಂಡು ಹೋದೆ. ಪಠ್ಯಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಮಾತ್ರೆ ಪಟ್ಟಿ, ಸೂಜಿ ದಾರ, ಒಂದು ಮದುವೆ ಕರೆಯೋಲೆ. ಅಲ್ಲಿ ಕಣ್ಣು ಪರೀಕ್ಷಿಸಿ ಲೆನ್ಸ್ ಕೊಡುವ ಆಪ್ಟೋಮೆಟ್ರಿಸ್ಟ್ ಅದನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದಕ್ಕೂ ಬೇರೆ ಬೇರೆ ಲೆನ್ಸ್ ಹಿಡಿಸಿ ನೋಡಿದರು. ಒಂದೂವರೆ ಗಂಟೆ ಆಯಿತು. ಅವತ್ತು ತಂದ ಕನ್ನಡಕದ ನಂಬರ್ ಮುಂದೆ ಬದಲಾಗಿದೆ, ಆದರೆ ಆ ರೀತಿಯ ಕನ್ನಡಕದಲ್ಲೇ ನಾನು ಬಿ.ಎಡ್. ಓದಿದೆ. ಈಗ ತಿಪಟೂರಿನ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ.

ನನ್ನ ಕಾಯಿಲೆ ಹೆಸರು ಸ್ಟಾರ್ಗಾರ್ಟ್. ಕಣ್ಣಿನ ಹಿಂದಿನ ಪರದೆಯ (ರೆಟಿನಾ) ನಟ್ಟನಡು ಭಾಗ, ಮ್ಯಾಕ್ಯುಲಾ, ಚಿಕ್ಕ ವಯಸ್ಸಲ್ಲೇ ಹಾಳಾಗುತ್ತಾ ಬರುತ್ತದೆ. ವಂಶದಲ್ಲಿ ಬರುವಂಥದ್ದು. ಹೆಚ್ಚಿನವರಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದಾಗಲೇ ಕಾಣಿಸಿಕೊಳ್ಳುತ್ತದೆ. ನಮ್ಮ ಅಮ್ಮನನ್ನು ಅವರ ಸೋದರಮಾವನಿಗೇ ಕೊಟ್ಟಿದ್ದರು. ಎದುರಿಗೆ ಕೂತವರ ಕಿವಿ, ಜಡೆ, ಸೀರೆ ಅಂಚು ನನಗೆ ಕಾಣುತ್ತದೆ, ಮೂಗು ಬಾಯಿ ಇರುವ ಜಾಗದಲ್ಲಿ ಮಸುಕು. ಕನ್ನಡಕ ಹಾಕಿದರೂ ಎರಡೂ ಕಣ್ಣಲ್ಲಿ 6/60. ಅಂದರೆ ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು 6 ಮೀಟರ್‌ಗೆ ಬಂದು ಓದಬೇಕು.

ಮನೆಯಲ್ಲಿ ಅತ್ತೆಗೂ ಈಗ ಇದೇ ಕಷ್ಟ. ಅವರಿಗೆ 76 ವರ್ಷ, ವಯಸ್ಸಿನಿಂದ ಬಂದ ಮ್ಯಾಕ್ಯುಲಾ ಸವೆತ. ಹಾಗಾಗಿ ಇಲ್ಲಿ ಬರೆಯುತ್ತಿರೋದು ನನ್ನ ಕಣ್ಣಿನ ಅನುಭವ ಮತ್ತು ಅತ್ತೆಯ ಕಣ್ಣಿನ ಅನುಭವ, ಎರಡನ್ನೂ ಸೇರಿಸಿ.

ಮೊದಲು ಕಣ್ಣಿನ ಡಾಕ್ಟರ್, ಆಮೇಲೆ ಲೆನ್ಸ್

ಅತ್ತೆ ದಿನಾ ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಬಿಡುತ್ತಿದ್ದರು. ಒಂದು ದಿನ ಎದ್ದು ನಿಂತು, "ಚುಕ್ಕಿ ಸರಿಯಾಗೇ ಇಟ್ಟಿದ್ದೀನಲ್ಲೇ, ಎಳೆ ಯಾಕೆ ಸೊಟ್ಟ ಬಂತು?" ಅಂದರು. ನಾವು ಕೈ ನಡುಗಿರಬೇಕು ಅಂದುಕೊಂಡು ಸುಮ್ಮನಾದೆವು. ಕಿಟಕಿ ಸರಳು ಬಗ್ಗಿದ ಹಾಗೆ ಕಾಣುತ್ತೆ ಅಂದಾಗಲೂ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆವು. ಅಲ್ಲಿ ನಂಬರ್ ಬದಲಾಯಿಸಿ ಕಳಿಸಿದರು. ರೆಟಿನಾ ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ತಿಂಗಳು. ಬಲಗಣ್ಣಲ್ಲಿ ಪರದೆಯ ಕೆಳಗೆ ರಕ್ತ ಸೋರಿ ಆಗಲೇ ಗಾಯದ ಕಲೆ ಕಟ್ಟಿತ್ತು. ಆ ಕಣ್ಣನ್ನು ಉಳಿಸಿಕೊಳ್ಳಲು ಆಗಲಿಲ್ಲ. ನನಗೇ ಮ್ಯಾಕ್ಯುಲಾ ಕಾಯಿಲೆ ಇದ್ದೂ ಹೊಳೆಯಲಿಲ್ಲವಲ್ಲ ಅನ್ನೋ ನೋವು ಇನ್ನೂ ಇದೆ. ಅದಕ್ಕೇ ಇದನ್ನು ಮೊದಲೇ ಬರೆಯುತ್ತಿದ್ದೇನೆ.

ನೇರ ಗೆರೆ ಡೊಂಕಾಗಿ ಕಂಡರೆ, ಓದುವಾಗ ನಡುವೆ ಹೊಸದಾಗಿ ಮಸುಕು ಬಂದರೆ, ಒಂದೆರಡು ದಿನದಲ್ಲೇ ರೆಟಿನಾ ನೋಡುವ ಡಾಕ್ಟರ್ ಹತ್ತಿರ ಹೋಗಿ. ಈ ಸೋರುವ ರೀತಿಯ ಸವೆತಕ್ಕೆ ಕಣ್ಣಿನೊಳಗೇ ಕೊಡುವ ಇಂಜೆಕ್ಷನ್ ಇದೆ. ಬೇಗ ಶುರು ಮಾಡಿದಷ್ಟೂ ಉಳಿಯೋದು ಜಾಸ್ತಿ. ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳೋದು ಸುಲಭ. ಚೌಕಳಿ ಗಣಿತದ ಪುಸ್ತಕದ ಹಾಳೆಯ ಮಧ್ಯೆ ದಪ್ಪ ಚುಕ್ಕಿ ಇಡಿ. ಓದುವ ಕನ್ನಡಕ ಹಾಕಿ, ಒಂದು ಅಡಿ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ನೋಡಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ, ನಮಗೆ ಗೊತ್ತೇ ಆಗಲ್ಲ. ನಮ್ಮ ಅತ್ತೆಗೆ ಆದದ್ದೂ ಅದೇ. ಎಡಗಣ್ಣಿಗಾಗಿ ಈಗ ವಾರಕ್ಕೆರಡು ಸಲ ಈ ಹಾಳೆ ಹಿಡಿಸುತ್ತೇನೆ.

ಪೊರೆ ಇದ್ದರೆ ತೆಗೆಸಬೇಕೋ ಬೇಡವೋ ಅಂತ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಂದು ಸಲ ಡ್ರಾಪ್ಸ್ ಹಾಕಿಸಿ ಪರದೆ ತೋರಿಸಲೇಬೇಕು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇರುವವರು ಡ್ರಾಪ್ಸ್ ನಿಲ್ಲಿಸಬಾರದು. ನನ್ನ ಹಾಗೆ ಸ್ಟಾರ್ಗಾರ್ಟ್ ಇರುವವರು ಡಾಕ್ಟರನ್ನು ಕೇಳದೆ ವಿಟಮಿನ್ ಎ ಮಾತ್ರೆ ನುಂಗಬೇಡಿ. ಕಣ್ಣಿಗೆ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ, ಈ ಕಾಯಿಲೆಯಲ್ಲಿ ಮಾತ್ರ ಅದು ಒಳ್ಳೇದಲ್ಲ.

ಇಷ್ಟೆಲ್ಲ ಆದಮೇಲೆ "ಇನ್ನು ಔಷಧಿ ಇಲ್ಲ, ಆಪರೇಷನ್ ಇಲ್ಲ" ಅಂತ ಡಾಕ್ಟರ್ ಹೇಳಿದರೆ, ಅಲ್ಲೇ ಕೂತು ಒಂದು ಮಾತು ಕೇಳಿ: "ಲೋ ವಿಷನ್ ಕ್ಲಿನಿಕ್ಕಿಗೆ ಬರೆದುಕೊಡ್ತೀರಾ?" ಎಷ್ಟೋ ಕಡೆ ಅವರಾಗೇ ಹೇಳುವುದಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಮಧುರೈನ ಅರವಿಂದ್, ಇಲ್ಲೆಲ್ಲ ಇದಕ್ಕೇ ಬೇರೆ ವಿಭಾಗ ಇದೆ. ಅಷ್ಟು ದೂರವೇ ಹೋಗಬೇಕು ಅಂತಿಲ್ಲ. ಬೆಂಗಳೂರಿನ ಮಿಂಟೊದಂಥ ದೊಡ್ಡ ಕಣ್ಣಾಸ್ಪತ್ರೆಗೋ, ಹತ್ತಿರದ ಮೆಡಿಕಲ್ ಕಾಲೇಜಿಗೋ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಲೋ ವಿಷನ್ ನೋಡುವವರು ಇದ್ದಾರಾ, ಯಾವ ದಿನ ಇರುತ್ತಾರೆ? ವಾರಕ್ಕೆ ಒಂದೆರಡು ದಿನ ಮಾತ್ರ ನೋಡುವ ಕಡೆಯೂ ಇದೆ. ಇನ್ನೊಂದು ಮುಖ್ಯ ವಿಷಯ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿಸಿಕೊಂಡ ದಿನವೇ ಲೆನ್ಸ್ ನೋಡಿಸಬೇಡಿ. ಹತ್ತಿರದ ಓದು ಅವತ್ತು ಸರಿಯಾಗಿ ಗೊತ್ತಾಗಲ್ಲ.

ಚೀಲದಲ್ಲಿ ಏನಿರಬೇಕು

ಅತ್ತೆಯ ಚೀಲ ತುಂಬುವಾಗ ಒಂದು ವಾರ ಅವರ ಜೊತೆ ಕೂತು ಕೇಳಿದೆ. "ಕಣ್ಣು ಕಾಣಲ್ಲ" ಅನ್ನೋ ಮಾತನ್ನು ಬಿಡಿಸಿ ಬಿಡಿಸಿ ನೋಡಬೇಕು. ಅವರು ಕೊನೆಗೆ ಹೇಳಿದ್ದು ನಾಲ್ಕು. ಪಂಚಾಂಗ ನೋಡಬೇಕು. ಬೀಪಿ ಮಾತ್ರೆ ಯಾವುದು, ಸಕ್ಕರೆ ಮಾತ್ರೆ ಯಾವುದು ಅಂತ ಯಾರನ್ನೂ ಕೇಳದೆ ಗೊತ್ತಾಗಬೇಕು. ಸೊಪ್ಪು ಬಿಡಿಸಬೇಕು. ಬಾಗಿಲಲ್ಲಿ ನಿಂತವರು ಯಾರು ಅಂತ ತಿಳಿಯಬೇಕು. ಟಿವಿ ಬೇಕಾ ಅಂದರೆ, "ಅದನ್ನು ಕೇಳಿಸಿಕೊಂಡರೆ ಸಾಕು" ಅಂದರು. ನಾನಾಗಿದ್ದರೆ ಟಿವಿಯನ್ನೇ ಮೊದಲು ಬರೆಯುತ್ತಿದ್ದೆ.

ಹಾಗಾಗಿ ಪಂಚಾಂಗವನ್ನೇ ಚೀಲಕ್ಕೆ ಹಾಕಿಕೊಂಡೆವು. ಮಾತ್ರೆ ಪಟ್ಟಿ, ಕಟ್ಟು ಮೆಂತ್ಯ ಸೊಪ್ಪು, ಅವರು ಈಗ ಹಾಕುವ ಕನ್ನಡಕ, ಬೀರುವಿನಲ್ಲಿದ್ದ ಹಳೇ ಕನ್ನಡಕಗಳೂ. ಬಿಸಿಲಿಗೆ ಕಣ್ಣು ಕುಕ್ಕುತ್ತದಾ, ಸಂಜೆ ಹೊತ್ತು ಮೆಟ್ಟಿಲು ಕಾಣಲ್ಲವಾ, ಮನೆಯಲ್ಲಿ ಯಾವ ಜಾಗದಲ್ಲಿ ಕೂತು ಓದುತ್ತಾರೆ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಓದುವ ಮೂಲೆಯ ಒಂದು ಫೋಟೊ ಫೋನಿನಲ್ಲಿ ತೆಗೆದುಕೊಂಡೆ. ಆ ಫೋಟೊ ನೋಡಿಯೇ ಅವರು, "ಕಿಟಕಿ ಎದುರಿಗೆ ಕೂತು ಓದ್ತಾರಲ್ಲ, ಬೆನ್ನಿಗೆ ಮಾಡಿಕೊಳ್ಳೋಕೆ ಹೇಳಿ" ಅಂದರು. ಒಂದು ರೂಪಾಯಿ ಖರ್ಚಿಲ್ಲದೆ ಸಿಕ್ಕ ಮೊದಲ ಸಹಾಯ ಅದು.

ಕನ್ನಡ ಓದುವವರು ಕನ್ನಡದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಚಿಕ್ಕದಾಗಿ ಒತ್ತು. ಮ್ಯಾಕ್ಯುಲಾ ಹೋದವರಿಗೆ ಮೊದಲು ಕಳೆದುಹೋಗೋದು ಆ ಒತ್ತು. ಆಮೇಲೆ ದ, ಥ, ಧ ಮೂರೂ ಒಂದೇ ಆಗುತ್ತವೆ. ಪ ಯಾವುದು, ಷ ಯಾವುದು ತಿಳಿಯಲ್ಲ. ಹುಡುಗರ ಉತ್ತರ ಪತ್ರಿಕೆಯಲ್ಲಿ 'ಅಕ್ಕ' ಅಂತ ಬರೆದಿದ್ದಾರೋ 'ಅಕ' ಅಂತ ಬರೆದಿದ್ದಾರೋ ಗೊತ್ತಾಗದಿದ್ದರೆ ಕನ್ನಡ ಮೇಷ್ಟ್ರ ಕೆಲಸವನ್ನು ನಾನು ಹೇಗೆ ಮಾಡಲಿ? ಇಂಗ್ಲಿಷ್ ಕಾರ್ಡಿನಲ್ಲಿ ಸರಿ ಅನ್ನಿಸಿದ ಲೆನ್ಸ್ ಕನ್ನಡಕ್ಕೆ ಸಾಲದೇ ಹೋಗಬಹುದು. ಕ್ಲಿನಿಕ್ಕಿನಲ್ಲಿ ಕನ್ನಡ ಕಾರ್ಡ್ ಇದೆಯಾ ಕೇಳಿ, ಇಲ್ಲದಿದ್ದರೆ ಚೀಲದಿಂದ ನಿಮ್ಮ ಪುಸ್ತಕವನ್ನೇ ತೆಗೆಯಿರಿ.

ಭೂತಗನ್ನಡಿ ಕೊಳ್ಳುವ ಮುಂಚೆ

ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ತಟ್ಟೆಯಗಲದ ಭೂತಗನ್ನಡಿಯನ್ನು ಮಕ್ಕಳು ಪ್ರೀತಿಯಿಂದ ತಂದುಕೊಡುತ್ತಾರೆ. ಅಗಲ ಜಾಸ್ತಿ ಇದ್ದರೆ ಪವರ್ ಕಡಿಮೆ ಇರುತ್ತದೆ. ಪವರ್ ಜಾಸ್ತಿ ಇರುವ ಲೆನ್ಸ್ ಚಿಕ್ಕದೇ ಇರಬೇಕು, ಗಾಜಿನ ಉಬ್ಬು ಹಾಗಿರುತ್ತದೆ. ಹಾಗಾಗಿ ಗಾತ್ರ ನೋಡಿ ಕೊಳ್ಳಬೇಡಿ.

ಲೆಕ್ಕ ಸರಳ. ಒಳ್ಳೆ ಕಣ್ಣಿನ ದೃಷ್ಟಿ 6/60 ಇದ್ದರೆ 60ನ್ನು 6ರಿಂದ ಭಾಗಿಸಿ. 10 ಬಂತು. ಪತ್ರಿಕೆಯ ಅಕ್ಷರ ಓದಲು ಸುಮಾರು 10 ಡಯಾಪ್ಟರ್ ಪವರ್‌ನಿಂದ ಪರೀಕ್ಷೆ ಶುರು ಮಾಡುತ್ತಾರೆ. ಡಯಾಪ್ಟರ್ ಅಂದರೆ ಲೆನ್ಸಿನ ಪವರ್ ಅಳೆಯುವ ಮಾಪು. 6/36 ಇದ್ದರೆ 6 ಡಯಾಪ್ಟರ್. ಇನ್ನು 100ನ್ನು ಆ ಡಯಾಪ್ಟರ್‌ನಿಂದ ಭಾಗಿಸಿದರೆ ಪುಸ್ತಕ ಎಷ್ಟು ಸೆಂಟಿಮೀಟರ್ ದೂರದಲ್ಲಿರಬೇಕು ಅನ್ನೋದು ಸಿಗುತ್ತದೆ. 10 ಡಯಾಪ್ಟರ್‌ಗೆ 10 ಸೆಂಟಿಮೀಟರ್. ಇದು ಅಕ್ಷರ ಗುರುತಿಸುವಷ್ಟು ಮಾತ್ರ. ಪುಟಗಟ್ಟಲೆ ಆರಾಮವಾಗಿ ಓದಬೇಕಾದರೆ ಇನ್ನೂ ಜಾಸ್ತಿ ಬೇಕು. ನನ್ನ ಓದುವ ಕನ್ನಡಕ 16 ಡಯಾಪ್ಟರ್. ಪುಸ್ತಕ ಹೆಚ್ಚುಕಡಿಮೆ ಮೂಗಿಗೆ ತಾಗುತ್ತದೆ, 6 ಸೆಂಟಿಮೀಟರ್ ದೂರ. ಪೆಟ್ಟಿಗೆ ಮೇಲೆ 4X, 5X ಅಂತ ಬರೆದಿರೋದನ್ನು ಮಾತ್ರ ನಂಬಬೇಡಿ. ಒಬ್ಬ ತಯಾರಕರು ಡಯಾಪ್ಟರನ್ನು 4ರಿಂದ ಭಾಗಿಸಿ ಬರೆಯುತ್ತಾರೆ, ಇನ್ನೊಬ್ಬರು ಅದಕ್ಕೆ 1 ಕೂಡಿಸಿ ಬರೆಯುತ್ತಾರೆ. ಅದೇ 16 ಡಯಾಪ್ಟರ್ ಒಂದು ಕಡೆ 4X, ಇನ್ನೊಂದು ಕಡೆ 5X. ಡಯಾಪ್ಟರ್ ಎಷ್ಟು ಅಂತಲೇ ಕೇಳಿ.

ಕೈಯಲ್ಲಿ ಹಿಡಿಯುವ ಭೂತಗನ್ನಡಿ ಬೆಲೆ ನೋಡಲು, ಮಾತ್ರೆ ಹೆಸರು ಓದಲು ಸಾಕು. ಬಳಸುವ ರೀತಿ ಹೀಗೆ. ಮೊದಲು ಲೆನ್ಸನ್ನು ಕಾಗದದ ಮೇಲೇ ಇಡಿ. ನಿಧಾನ ಮೇಲೆತ್ತಿ. ಅಕ್ಷರ ದೊಡ್ಡದಾಗುತ್ತಾ ಹೋಗಿ ಒಂದು ಕಡೆ ಮಸುಕಾಗಲು ಶುರುವಾಗುತ್ತದೆ, ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಈಗ ಕೈ ಅಲ್ಲಾಡಿಸದೆ ಮುಖವನ್ನು ಲೆನ್ಸಿನ ಹತ್ತಿರ ತನ್ನಿ. ಹತ್ತಿರ ಬಂದಷ್ಟೂ ಹೆಚ್ಚು ಅಕ್ಷರ ಒಟ್ಟಿಗೆ ಕಾಣುತ್ತವೆ. ಎಲ್ಲರೂ ಕೈ ಚಾಚಿ ದೂರ ಹಿಡಿಯುತ್ತಾರೆ, ಆಗ ಎರಡೇ ಅಕ್ಷರ ಕಾಣುತ್ತದೆ, ಬೇಸರ ಬಂದು ಎತ್ತಿಡುತ್ತಾರೆ.

ಅತ್ತೆಯ ಕೈ ನಡುಗುತ್ತದೆ. ಅವರಿಗೆ ಒಗ್ಗಿದ್ದು ಕಾಲಿರುವ, ಒಳಗೆ ಎಲ್‌ಇಡಿ ದೀಪ ಇರುವ ಸ್ಟ್ಯಾಂಡ್ ಭೂತಗನ್ನಡಿ. ಪಂಚಾಂಗದ ಮೇಲೆ ಇಟ್ಟು ತಳ್ಳುತ್ತಾ ಹೋದರೆ ಆಯಿತು, ದೂರ ತಾನಾಗೇ ಸರಿ ಇರುತ್ತದೆ. ಇದನ್ನು ಓದುವ ಕನ್ನಡಕ ಹಾಕಿಕೊಂಡೇ ನೋಡಬೇಕು. ಮೊದಲ ವಾರ ಅತ್ತೆ ಕನ್ನಡಕ ತೆಗೆದಿಟ್ಟು ನೋಡಿ, "ಮಂಜು ಮಂಜು" ಅನ್ನುತ್ತಿದ್ದರು. ಕೈ ಭೂತಗನ್ನಡಿಯನ್ನು ಸರಿಯಾದ ದೂರದಲ್ಲಿ ಹಿಡಿದರೆ ಓದುವ ಕನ್ನಡಕ ಬೇಡ. ಈ ಎರಡೂ ಅದಲುಬದಲಾಗಿ, ಒಳ್ಳೆ ಲೆನ್ಸ್ ಕೆಟ್ಟದ್ದು ಅಂತ ಅನ್ನಿಸಿಕೊಳ್ಳುತ್ತದೆ.

ಬರೆಯುವವರಿಗೆ, ಗಂಟೆಗಟ್ಟಲೆ ಓದುವವರಿಗೆ ಕನ್ನಡಕದ ಲೆನ್ಸೇ ವಾಸಿ. ಎರಡೂ ಕೈ ಖಾಲಿ ಇರುತ್ತವೆ. ಸುಮಾರು 10-12 ಡಯಾಪ್ಟರ್‌ವರೆಗೆ ಎರಡೂ ಕಣ್ಣಿನ ನೋಟವನ್ನು ಒಂದೇ ಕಡೆ ಕೂಡಿಸುವ ಪ್ರಿಸಂ ಸೇರಿಸಿ ಎರಡು ಕಣ್ಣಿಗೂ ಕೊಡಬಹುದು, ಅದಕ್ಕಿಂತ ಮೇಲೆ ಒಂದೇ ಕಣ್ಣಿನ ಓದು. ಪುಟವನ್ನು ಮೂಗಿಗೆ ತಾಗಿಸಿ, ನಿಧಾನ ಹಿಂದಕ್ಕೆ ತಂದು, ಸ್ಪಷ್ಟ ಆದ ಕಡೆ ನಿಲ್ಲಿಸಿ. ತಲೆ ತಿರುಗಿಸಬೇಡಿ, ಪುಟವನ್ನೇ ಎಡಕ್ಕೆ ಸರಿಸುತ್ತಾ ಹೋಗಿ. ಮೊದಲು ದಿನಕ್ಕೆ ಹತ್ತು ನಿಮಿಷ ಸಾಕು. ತಲೆ ಸುತ್ತಿದ ಹಾಗಾದರೆ ನಿಲ್ಲಿಸಿ. ಹತ್ತಿರ ಹಿಡಿದು ಓದಿದರೆ ಇರೋ ಕಣ್ಣೂ ಹೋಗುತ್ತೆ ಅಂತ ನಮ್ಮ ಅಜ್ಜಿ ಹೆದರಿಸುತ್ತಿದ್ದರು. ಹೋಗಲ್ಲ. ಓದಿದ್ದರಿಂದ ಕಣ್ಣು ಸವೆಯುವುದಿಲ್ಲ.

ಕತ್ತು ನೋವು ಬರುತ್ತದೆ. ಅದಕ್ಕೆ ಓದುವ ಸ್ಟ್ಯಾಂಡ್ ಬೇಕು. ನಮ್ಮ ಮನೆಯಲ್ಲಿರೋದು ಹಳೇ ವ್ಯಾಸಪೀಠ, ಅದರ ಕೆಳಗೆ ಎರಡು ಇಟ್ಟಿಗೆ.

ಸಾಧ್ಯವಾದರೆ ಲೆನ್ಸನ್ನು ಒಂದು ವಾರ ಮನೆಗೆ ಕೊಡಿ ಅಂತ ಕ್ಲಿನಿಕ್ಕಿನಲ್ಲಿ ಕೇಳಿ. ಕ್ಲಿನಿಕ್ಕಿನ ಬೆಳಕಿನಲ್ಲಿ ಓದಿದ್ದು ಮನೆ ಬೆಳಕಿನಲ್ಲಿ ಓದಲಾಗದೇ ಇರಬಹುದು.

ಇನ್ನೊಂದು ಎಚ್ಚರಿಕೆ. ಇದೆಲ್ಲ ನಡುಭಾಗ ಹೋದವರಿಗೆ. ಇರುಳುಗುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಅಥವಾ ಆರ್‌ಪಿ, ಮುಂದುವರಿದ ಗ್ಲಾಕೋಮಾ, ಇವುಗಳಲ್ಲಿ ಸುತ್ತಲಿನ ನೋಟ ಹೋಗಿ ಕೊಳವೆಯೊಳಗಿಂದ ನೋಡಿದ ಹಾಗಿರುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಆ ಕೊಳವೆಯಲ್ಲಿ ಇನ್ನೂ ಕಡಿಮೆ ಹಿಡಿಸುತ್ತದೆ. ಅವರಿಗೆ ಒಳ್ಳೆ ಬೆಳಕು, ಕಪ್ಪು ಬಿಳುಪಿನ ಎದ್ದು ಕಾಣುವ ಅಚ್ಚು, ಬಿಳಿ ಕೋಲಿನ ಜೊತೆ ನಡಿಗೆಯ ತರಬೇತಿ ಮುಖ್ಯ. ಕೋಲು ಹಿಡಿಯೋಕೆ ಪೂರ್ತಿ ಕುರುಡಾಗುವವರೆಗೆ ಕಾಯಬೇಡಿ. ಬೈಕಿನವರಿಗೆ ನಾವು ಕಾಣಬೇಕಲ್ವಾ.

ಓರೆಯಾಗಿ ನೋಡುವ ಅಭ್ಯಾಸ

ನನಗೆ ಲೆನ್ಸಿಗಿಂತ ಜಾಸ್ತಿ ಸಹಾಯ ಆಗಿದ್ದು ಇದು. ನಡುಭಾಗ ಹಾಳಾದರೂ ಅದರ ಅಂಚಿನಲ್ಲಿ ಒಳ್ಳೆ ಜಾಗ ಉಳಿದಿರುತ್ತದೆ. ನೋಡಬೇಕಾದ್ದರ ಮೇಲೆ ನೇರ ಕಣ್ಣಿಟ್ಟರೆ ಅದು ಮಸುಕಿನೊಳಗೆ ಬೀಳುತ್ತದೆ, ಪಕ್ಕಕ್ಕೆ ಕಣ್ಣಿಟ್ಟರೆ ಹೊರಗೆ ಬರುತ್ತದೆ. ಯಾವ ಪಕ್ಕ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು.

ಹುಡುಕೋದು ಹೀಗೆ. ಬಿಳಿ ಗೋಡೆ ಮೇಲೆ ಒಂದು ದೊಡ್ಡ ಸ್ಟಿಕರ್ ಬೊಟ್ಟು ಅಂಟಿಸಿ. ಅದರ ಸುತ್ತ ದೊಡ್ಡ ಗಡಿಯಾರ ಇದೆ ಅಂದುಕೊಳ್ಳಿ. ಒಂದು ಕಣ್ಣು ಮುಚ್ಚಿ, 12 ಗಂಟೆ ಇರಬೇಕಾದ ಕಡೆ ನೋಡಿ, ಬೊಟ್ಟು ಹೇಗೆ ಕಾಣುತ್ತದೆ ಗಮನಿಸಿ. ಆಮೇಲೆ 1, 2, ಹೀಗೆ ಸುತ್ತು ಬನ್ನಿ. ಎಲ್ಲಿ ನೋಡಿದಾಗ ಬೊಟ್ಟು ಗಟ್ಟಿಯಾಗಿ ಕಾಣುತ್ತದೋ ಅದು ನಿಮ್ಮ ಗಂಟೆ. ನನ್ನದು 1. ಅಂದರೆ ನಾನು ನಿಮ್ಮ ಹಣೆಗಿಂತ ಸ್ವಲ್ಪ ಮೇಲೆ, ಬಲಕ್ಕೆ ನೋಡಿದರೆ ನಿಮ್ಮ ಮುಖ ಕಾಣುತ್ತದೆ. ಅತ್ತೆಯ ಎಡಗಣ್ಣಿಗೆ 12. ದಿನಕ್ಕೆ ಹತ್ತು ನಿಮಿಷದಂತೆ ಅಭ್ಯಾಸ ಮಾಡಬೇಕು, ಮೊದಲು ಬೊಟ್ಟು, ಆಮೇಲೆ ಗೋಡೆ ಕ್ಯಾಲೆಂಡರಿನ ತಾರೀಖು, ಆಮೇಲೆ ದಪ್ಪಕ್ಷರ. ಕಣ್ಣು ಹಳೇ ಚಾಳಿಗೆ ನಡುವಿಗೇ ಓಡುತ್ತದೆ. ನನಗೆ ಅದು ಮಾತು ಕೇಳಲು ಮೂರು ತಿಂಗಳು ಹಿಡಿಯಿತು.

ಹೊಸ ತರಗತಿಗೆ ಹೋದ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುತ್ತೇನೆ: "ನಾನು ನಿಮ್ಮ ತಲೆ ಮೇಲೆ ನೋಡ್ತಿದ್ದೀನಿ ಅಂದರೆ ನಿಮ್ಮನ್ನೇ ನೋಡ್ತಿದ್ದೀನಿ ಅಂತ ಅರ್ಥ." ಮನೆಯವರಿಗೂ ಹೇಳಿ. ಮುಖ ಕೊಟ್ಟು ಮಾತಾಡಲ್ಲ ಅಂತ ನೊಂದುಕೊಂಡ ನೆಂಟರು ನಮಗೂ ಇದ್ದಾರೆ.

ದೂರದ್ದು

ಬಸ್ಸಿನ ಬೋರ್ಡಿಗೆ, ಶಾಲೆಯ ಕಪ್ಪುಹಲಗೆಗೆ ಒಂದೇ ಕಣ್ಣಿನ ಪುಟ್ಟ ದುರ್ಬೀನು ಸಿಗುತ್ತದೆ, ಮಾನಾಕ್ಯುಲರ್ ಅನ್ನುತ್ತಾರೆ. 4X ಆದರೆ 24 ಮೀಟರ್ ದೂರದ ಬೋರ್ಡ್ 6 ಮೀಟರ್‌ನಲ್ಲಿದ್ದ ಹಾಗೆ ಕಾಣುತ್ತದೆ. ಪವರ್ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದು, ನಡುಕ ಜಾಸ್ತಿ. ಮೊದಲು ಕೂತು ಕಲಿಯಿರಿ. ಬರಿಗಣ್ಣಲ್ಲಿ ಗುರಿ ಹುಡುಕಿ, ಮುಖ ಅಲ್ಲಾಡಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಿ. ಅದರಲ್ಲಿ ನೋಡುತ್ತಾ ಯಾವತ್ತೂ ನಡೆಯಬಾರದು. ಬಸ್ ನಿಲ್ದಾಣದಲ್ಲಿ ಈಗ ನಾನು ಹೆಚ್ಚಾಗಿ ಫೋನಲ್ಲೇ ಫೋಟೊ ತೆಗೆದು ಬೆರಳಲ್ಲಿ ಹಿಗ್ಗಿಸಿ ಓದುತ್ತೇನೆ. ಓಡುವ ಬಸ್ಸಿಗೆ ಮಾತ್ರ ಪಕ್ಕದವರನ್ನು ಕೇಳುತ್ತೇನೆ.

ಬೆಳಕು, ಬಣ್ಣ, ಅಡುಗೆಮನೆ

ದೀಪ ದೊಡ್ಡದು ಬೇಡ, ಹತ್ತಿರ ಬೇಕು. ದೀಪದ ದೂರ ಅರ್ಧ ಮಾಡಿದರೆ ಕಾಗದದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟು ಆಗುತ್ತದೆ. ಬಗ್ಗುವ ಕತ್ತಿನ ಟೇಬಲ್ ಲ್ಯಾಂಪ್ ತಂದು, ಚೆನ್ನಾಗಿ ಕಾಣುವ ಕಣ್ಣಿನ ಪಕ್ಕಕ್ಕೆ ಇಟ್ಟು, ಬಲ್ಬು ಕಣ್ಣಿಗೆ ಕಾಣದ ಹಾಗೆ ಬಗ್ಗಿಸಿ.

ಪುಟದ ಬಿಳುಪು ಕಣ್ಣು ಕುಕ್ಕುತ್ತದಲ್ವಾ, ಅದಕ್ಕೆ ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಒಂದು ಕಿಂಡಿ ಕತ್ತರಿಸಿ. ಒಂದೊಂದೇ ಸಾಲು ಅದರೊಳಗೆ ಕಾಣಬೇಕು. ಅಂಗಡಿಯಿಂದ ತಂದದ್ದರ ಕಿಂಡಿ ನಮ್ಮ ಅಕ್ಷರಕ್ಕೆ ಸಣ್ಣದಾಯಿತು, ಕೆಳಗಿನ ಒತ್ತೆಲ್ಲ ಮುಚ್ಚಿಹೋಯಿತು. ನಾನು ಮನೆಯಲ್ಲೇ ಮಾಡಿದ್ದಕ್ಕೆ ಒಂದೂವರೆ ಸೆಂಟಿಮೀಟರ್ ಎತ್ತರ ಕೊಟ್ಟಿದ್ದೇನೆ. ಹೊಳೆಯುವ ಕಾಗದ ಬೇಡ.

ಬಿಸಿಲಿಗೆ ಹಳದಿ, ಕಂದು ಬಣ್ಣದ ಫಿಲ್ಟರ್ ಕನ್ನಡಕ ಇವೆ. ಯಾವ ಬಣ್ಣ ಹಿತ ಅನ್ನೋದು ಒಳಗೆ ಕೂತು ತಿಳಿಯಲ್ಲ. ಕ್ಲಿನಿಕ್ಕಿನಿಂದ ಹೊರಗೆ ಬಿಸಿಲಿಗೆ ಬಂದು, ಒಂದೊಂದು ಹಾಕಿ ಹತ್ತು ಹೆಜ್ಜೆ ನಡೆದು ನೋಡಿ. ಜೊತೆಗೆ ಅಂಚಿರುವ ಟೋಪಿ.

ಅಡುಗೆಮನೆಯಲ್ಲಿ ಸ್ಟೀಲ್ ನಮ್ಮ ಶತ್ರು. ಟ್ಯೂಬ್‌ಲೈಟ್ ಅದರಲ್ಲಿ ಥಳ ಥಳ ಅಂದು ಏನೂ ಕಾಣಲ್ಲ. ಅತ್ತೆಗೆ ಮುದ್ದೆ ಊಟಕ್ಕೆ ಬಿಳಿ ತಟ್ಟೆ, ಅನ್ನ ಮಜ್ಜಿಗೆಗೆ ಕಡು ನೀಲಿ ತಟ್ಟೆ ತಂದೆ. ಹಾಲು ಕಡು ಬಣ್ಣದ ಲೋಟಕ್ಕೆ, ಕಾಫಿ ಬಿಳಿ ಲೋಟಕ್ಕೆ. ಈರುಳ್ಳಿ ಹೆಚ್ಚಲು ಕಪ್ಪು ಹಲಗೆ, ಸೊಪ್ಪಿಗೆ ಬಿಳಿ ಹಲಗೆ. ಮೆಂತ್ಯ ಸೊಪ್ಪನ್ನು ಬಿಳಿ ಪಂಚೆ ಮೇಲೆ ಹರಡಿಕೊಂಡು ಬಿಡಿಸುತ್ತಾರೆ. ಅವರೆಕಾಳು ಹಿದುಕೋದಕ್ಕೆ ಕಣ್ಣೇ ಬೇಡ, ಬೆರಳು ಸಾಕು. ಆ ಕೆಲಸದಲ್ಲಿ ನಮಗಿಂತ ಅವರೇ ಮುಂದೆ. ಒಲೆಯ ತಿರುಪಿಗೆ ಸಿಮ್ ಬರುವ ಕಡೆ ಕೆಂಪು ಉಗುರುಬಣ್ಣದ ದಪ್ಪ ಚುಕ್ಕೆ ಇಟ್ಟಿದ್ದೇನೆ. ಬೆಳಗಿನ ಮಾತ್ರೆ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದ್ದಕ್ಕೆ ಎರಡು. ಮೆಟ್ಟಿಲಂಚಿಗೆ ಎರಡು ಇಂಚಿನ ಹಳದಿ ಪಟ್ಟಿ ಬಳಿದೆವು. ಯಾವ ಸಾಮಾನೂ ಜಾಗ ಬದಲಾಯಿಸಬಾರದು ಅನ್ನೋದು ಮನೆಯ ಕಾನೂನು. ಸ್ಟೂಲ್ ಸರಿಸಿದವರೇ ವಾಪಸ್ ಇಡಬೇಕು.

ಬಾಗಿಲಲ್ಲಿ ನಿಂತವರ ಗುರುತಿಗೆ ಯಾವ ಲೆನ್ಸೂ ಸಿಗಲಿಲ್ಲ. ಬರುವವರೇ "ಅಮ್ಮಾ, ನಾನು" ಅನ್ನುವ ಬದಲು ಹೆಸರು ಹೇಳಬೇಕು ಅಂತ ಬೀದಿಯವರಿಗೆಲ್ಲ ಹೇಳಿದ್ದೇವೆ. ಈಗ ಹಾಲಿನವನೂ ಹೆಸರು ಹೇಳಿಯೇ ಕೂಗುತ್ತಾನೆ.

ಇಲ್ಲದ್ದು ಕಂಡರೆ

ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿ ಮೆಲ್ಲಗೆ ಕೇಳಿದರು. "ಅಂಗಳದಲ್ಲಿ ಹಸಿರು ಲಂಗ ಹಾಕಿಕೊಂಡ ಮಕ್ಕಳು ಆಡ್ತಿವೆ. ನಿನಗೂ ಕಾಣ್ತಿವೆಯೇನೇ?" ಅಂಗಳದಲ್ಲಿ ಯಾರೂ ಇರಲಿಲ್ಲ. ಎರಡು ತಿಂಗಳಿಂದ ಕಾಣುತ್ತಿದ್ದವಂತೆ. ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ.

ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನುತ್ತಾರೆ. 1760ರಲ್ಲಿ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಅನ್ನುವವರು, ದೃಷ್ಟಿ ಮಂಜಾಗಿದ್ದ ತಮ್ಮ ತಾತನಿಗೆ ಹೀಗೇ ಜನ, ಹಕ್ಕಿ, ಕಟ್ಟಡ ಕಾಣುತ್ತಿದ್ದುದನ್ನು ಬರೆದಿಟ್ಟರು. ಕಣ್ಣಿಂದ ಚಿತ್ರ ಬರೋದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಹುಟ್ಟಿಸುತ್ತದೆ. ಬುದ್ಧಿಭ್ರಮಣೆ ಅಲ್ಲ. ಆ ಚಿತ್ರಗಳು ಮಾತಾಡಲ್ಲ, ನೋಡುವವರಿಗೂ ಅದು ನಿಜವಲ್ಲ ಅಂತ ಗೊತ್ತಿರುತ್ತದೆ. ಕಂಡಾಗ ದೀಪ ಹಾಕಿ, ಕಣ್ಣು ಪಟಪಟ ಮಿಟುಕಿಸಿ, ಎಡಬಲ ಜೋರಾಗಿ ಕಣ್ಣಾಡಿಸಿ, ಎದ್ದು ಓಡಾಡಿ. ತುಂಬ ಜನರಿಗೆ ಆಗ ಮಾಯವಾಗುತ್ತದೆ. ಧ್ವನಿಯೂ ಕೇಳಿಸಿದರೆ, ಅದು ನಿಜವೇ ಅಂತ ನಂಬಿ ಗಾಬರಿಯಾದರೆ ಬೇರೆ ಕಾರಣ ಇರಬಹುದು, ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯ ಹಿರಿಯರು ಹೇಳಿಕೊಳ್ಳದೇ ಇರಬಹುದು. ನೀವೇ ಸಮಾಧಾನವಾಗಿ ಕೇಳಿ. ಅತ್ತೆಗೆ ಇದರ ಹೆಸರು ಹೇಳಿ ಅರ್ಥ ಮಾಡಿಸಿದ ರಾತ್ರಿ ಅವರು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದರು.

ಕಾಗದ, ಫೋನು, ದುಡ್ಡು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುರುಡುತನದ ಜೊತೆಗೆ ಮಂದದೃಷ್ಟಿಯನ್ನೂ ಬೇರೆಯಾಗಿ ಸೇರಿಸಿದ್ದಾರೆ. ಅಂಗವಿಕಲತೆ ಎಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕೋದು ಕನ್ನಡಕ ಹಾಕಿದ ಮೇಲೆ, ಮುಖ್ಯವಾಗಿ ಒಳ್ಳೆ ಕಣ್ಣು ನೋಡಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30 ಪರ್ಸೆಂಟ್ ಮಾತ್ರ. ಹೆಚ್ಚಿನ ಸೌಲಭ್ಯಕ್ಕೆ 40 ಬೇಕು. ಒಳ್ಳೆ ಕಣ್ಣೇ 6/24ರಿಂದ 6/60ರ ನಡುವೆ ಇದ್ದರೆ 40ರಿಂದ ಮೇಲೆ ಬರುತ್ತದೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯಲ್ಲಿ ತೋರಿಸಬೇಕು. ಓದುವ ಮಕ್ಕಳಿದ್ದರೆ ಇದನ್ನು ಮುಂದಕ್ಕೆ ಹಾಕಬೇಡಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿಗೆ ಸಮಯ ಸಿಗುತ್ತದೆ, ಬೇಕಾದರೆ ಬರೆಯುವವರನ್ನೂ ಕೊಡುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಕಾಗದ ಕೈಗೆ ಸಿಗಲ್ಲ.

ಫೋನಿನ ಸೆಟ್ಟಿಂಗ್ಸಿನಲ್ಲಿ ಅಕ್ಸೆಸಿಬಿಲಿಟಿ ಅಂತ ಒಂದು ಭಾಗ ಇದೆ. ಅಕ್ಷರ ದೊಡ್ಡದು ಮಾಡೋದು, ಕಪ್ಪಿನ ಮೇಲೆ ಬಿಳಿ ಅಕ್ಷರ ಮಾಡೋದು, ಪರದೆ ಹಿಗ್ಗಿಸೋದು, ಎಲ್ಲ ಅಲ್ಲೇ. ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಕನ್ನಡದಲ್ಲೂ ಓದಿ ಹೇಳುತ್ತದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ 2020ರಿಂದ ಇದೆ. ಅತ್ತೆಗೆ ಬೆರಳೇ ಇಷ್ಟ. 100ರ ಹೊಸ ನೋಟಿನ ಎರಡೂ ಅಂಚಿನಲ್ಲಿ ಉಬ್ಬಿದ 4 ಓರೆ ಗೆರೆ, 200ರಲ್ಲಿ 4 ಗೆರೆ ನಡುವೆ 2 ಸೊನ್ನೆ, 500ರಲ್ಲಿ 5 ಗೆರೆ. ನೋಟು ಹಳತಾದರೆ ಗೆರೆ ಸವೆಯುತ್ತದೆ, ಆಗ ಉದ್ದ ನೋಡಬೇಕು. 100ರ ಹೊಸ ನೋಟಿನದ್ದು 142 ಮಿಲಿಮೀಟರ್, 200ರದ್ದು 146, 500ರದ್ದು 150. 500ರ ನೋಟಿನ ಉದ್ದಕ್ಕೆ ಒಂದು ರಟ್ಟು ಕತ್ತರಿಸಿ, ಉಳಿದೆರಡರ ಅಳತೆಗೆ ಅದರಲ್ಲೇ ಕಚ್ಚು ಮಾಡಿ ಅವರ ಪರ್ಸಿನಲ್ಲಿ ಇಟ್ಟಿದ್ದೇನೆ.

ಕೊನೆಗೆ ಲೆನ್ಸ್ ಇಡುವ ಜಾಗ. ಸೆರಗಿನಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ. ಬಿಸಿಲು ಬೀಳುವ ಕಿಟಕಿಯಲ್ಲಿ ತೆರೆದು ಇಡಲೇಬೇಡಿ. ಹೋದ ಚೈತ್ರದಲ್ಲಿ ನನ್ನ ಕೈ ಭೂತಗನ್ನಡಿಯನ್ನು ದೇವರಮನೆ ಕಿಟಕಿ ಮೇಲೆ, ಪಂಚಾಂಗಕ್ಕೆ ಒರಗಿಸಿ ಬಿಟ್ಟಿದ್ದೆ. ಹತ್ತು ಗಂಟೆಯ ಬಿಸಿಲಿಗೆ ರಟ್ಟಿನ ಮೇಲೆ ಕಡಲೆಕಾಳಿನಷ್ಟು ಸುಟ್ಟ ಗುರುತು. ಕಣ್ಣಿಗೆ ಕಾಣುವ ಮೊದಲೇ ಅತ್ತೆಗೆ ಹೊಗೆ ವಾಸನೆ ಬಂತು. ಅವತ್ತೇ ಹಳೇ ರವಿಕೆ ಬಟ್ಟೆಯಲ್ಲಿ ಎರಡು ಚೀಲ ಹೊಲಿದೆ, ಅತ್ತೆಯದ್ದಕ್ಕೆ ಕೆಂಪು, ನನ್ನದಕ್ಕೆ ಹಳದಿ. ಎರಡೂ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತವೆ.